ಮೂಕಚಿತ್ರದಲ್ಲಿ ಸಂಗೀತ: ‘ವಾಲ್ಟ್ಸ್ ಕನಸು’ ಕುರಿತು ಒಂದು ವಿವೇಚನೆ

ಸಂಗೀತವನ್ನೇ ವಸ್ತುವಾಗಿ ಉಳ್ಳ ಕೃತಿಯೊಂದು ಸಂಗೀತವನ್ನು ಕೇಳಿಸಲಾರದ ಮಾಧ್ಯಮದಲ್ಲಿ ಅವತರಿಸಿದರೆ ಅದರ ಗತಿ ಏನು? ಮೇಲುನೋಟಕ್ಕೆ ಈ ಪ್ರಶ್ನೆ ಕುರುಡನ ಕೈಗೆ ಕನ್ನಡಿ ಕೊಟ್ಟಂತೆ ಹಾಸ್ಯಾಸ್ಪದವಾಗಿ ತೋರಬಹುದು. ಆದರೆ 1920ರ ದಶಕದ ಜರ್ಮನಿಯಲ್ಲಿ ಇಂತಹ ಚಿತ್ರಗಳು ಒಂದಲ್ಲ, ಹಲವು ಹುಟ್ಟಿದವು. ಜನ ಅವನ್ನು ಮುಗಿಬಿದ್ದು ನೋಡಿದರು. ಅವುಗಳಲ್ಲಿ ಮೇಲ್ಮಟ್ಟದ್ದೆಂದು ಹೆಸರು ಪಡೆದದ್ದು 1925ರ ಕೊನೆಯಲ್ಲಿ ತೆರೆಕಂಡ ‘ಐನ್ ವಾಲ್ಟ್ಸರ್‌ಟ್ರಾಉಮ್’, ಕನ್ನಡದಲ್ಲಿ ಹೇಳುವುದಾದರೆ ‘ವಾಲ್ಟ್ಸ್ ಕನಸು’. ಊಫಾ ಸಂಸ್ಥೆಗಾಗಿ ಎರಿಕ್ ಪೊಮ್ಮರ್ ನಿರ್ಮಿಸಿದ ಈ ಚಿತ್ರದ ನಿರ್ದೇಶಕ ಲುಡ್ವಿಗ್ ಬೆರ್ಗರ್. ಆಸ್ಕರ್ ಸ್ಟ್ರಾಸ್ ರಾಗಸಂಯೋಜನೆ ಮಾಡಿ 1907ರಲ್ಲಿ ವಿಯೆನ್ನಾದಲ್ಲಿ ಮೊದಲು ಆಡಿದ ಸಂಗೀತನಾಟಕವೇ ಇದಕ್ಕೆ ಆಧಾರ. ಹಾಡುಗಳಿಂದಲೇ ಬದುಕಿದ್ದ ನಾಟಕವನ್ನು ಹಾಡು ಕಳೆದು ತೆರೆಯ ಮೇಲೆ ತಂದದ್ದರ ಫಲವೇನಾಯಿತೆಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿವೇಚನೆಗೆ ನಿಮಿತ್ತವಾದ ಪ್ರಸಂಗವೊಂದನ್ನು ಮೊದಲು ಹೇಳಬೇಕು. ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಈ ಚಿತ್ರವನ್ನು ತೋರಿಸುವ ಅವಕಾಶ ನಮಗೆ ಒದಗಿತು. ನಮ್ಮಲ್ಲಿದ್ದದ್ದು ಸಂಗೀತವನ್ನು ಜೋಡಿಸದ ಪ್ರತಿ; ಕೋಣೆಯಲ್ಲಿ ಯಂತ್ರದ ಗುಂಯ್‌ಗುಡುವಿಕೆ, ಕಿಟಕಿಯಾಚೆ ಮಗ್ಗಗಳ ಸದ್ದು. ಹತ್ತು ನಿಮಿಷದಲ್ಲಿ ಹುಡುಗರು ಎದ್ದು ಹೋಗುವರೆಂದು ನಾವು ಅಂಜಿದ್ದೆವು. ಹಾಗಾಗಲಿಲ್ಲ. ಆ ಊರಿನ ರೇಷ್ಮೆ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ, ಮಾತು ಕೇಳಿಸದ ಕಡೆ ಕೈಸನ್ನೆಯಿಂದಲೂ ಮುಖಚರ್ಯೆಯಿಂದಲೂ ಸಂಸಾರದ ವ್ಯವಹಾರವೆಲ್ಲ ನಡೆಯುವುದು ದಿನನಿತ್ಯದ ಅನುಭವ. ವಿದ್ಯುತ್ ಮಗ್ಗದ ಮುಂದೆ ನಿಂತ ತಾಯಿ ಆಚೆಬದಿಯ ಮಗಳಿಗೆ ‘ಒಲೆಯ ಮೇಲಿನ ಹಾಲು ನೋಡು’ ಎಂದು ಹೇಳುವುದು ಕೊರಳಿನಿಂದಲ್ಲ. ಈ ಮಕ್ಕಳು ಚಿತ್ರವನ್ನು ನಮಗಿಂತ ಸಲೀಸಾಗಿ ಓದಿದರು. ಚಿತ್ರ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬಾಕೆ ಎದ್ದು ಕೇಳಿದಳು: “ಸಾರ್, ಅಷ್ಟೆಲ್ಲಾ ಕಲಿಸಿಕೊಟ್ಟಳಲ್ಲ, ಕಡೇಗೆ ಆಯಮ್ಮಂಗೆ ಏನ್ ಕೊಟ್ರು?” ನಾವು ವಿಯೆನ್ನಾದ ಇತಿಹಾಸ, ಕ್ಯಾಮರಾದ ಚಲನೆ ಮುಂತಾದವುಗಳ ಬಗೆಗೆ ಸಿದ್ಧಪಡಿಸಿಕೊಂಡು ಬಂದಿದ್ದ ಮಾತೆಲ್ಲವೂ ಆ ಪ್ರಶ್ನೆಯ ಮುಂದೆ ಅಪ್ರಸ್ತುತವಾಯಿತು. ಅದಕ್ಕೆ ಅಂದು ನೀಡಲಾರದ ಉತ್ತರವನ್ನು ಇಲ್ಲಿ ಅರಸಲು ಯತ್ನಿಸಿದ್ದೇವೆ.

ಕಥೆ ಇಷ್ಟು. ಫ್ಲಾಉಸೆನ್‌ಟುರ್ನ್ ಎಂಬ ಕಲ್ಪಿತ ಪುಟ್ಟ ಜರ್ಮನ್ ಸಂಸ್ಥಾನದ ರಾಜಕುಮಾರಿ ಆಲಿಕ್ಸ್. ಸಂಪ್ರದಾಯದ ಬಿಗಿಯಲ್ಲಿ ಬೆಳೆದವಳು; ನಗುವುದಕ್ಕೂ ಅಪ್ಪಣೆ ಬೇಕೆಂಬಂತಹ ಅರಮನೆ ಅವಳದು. ತಂದೆಯೊಡನೆ ವಿಯೆನ್ನಾಕ್ಕೆ ಬಂದವಳಿಗೆ ಊರು ತೋರಿಸುವ ಹೊಣೆ ಯುವಕ ಸೇನಾಧಿಕಾರಿ ನುಕ್ಸನ ಪಾಲಿಗೆ ಬರುತ್ತದೆ. ದ್ರಾಕ್ಷಾರಸದ ತೋಟ, ವಾದ್ಯ, ಇರುಳಿನ ಮತ್ತು. ಅವನು ಹುಡುಗಾಟಕ್ಕೆ ಕೊಟ್ಟ ಮುತ್ತನ್ನು ಅವಳು ಮನಸಾರೆ ಸ್ವೀಕರಿಸುತ್ತಾಳೆ. ಅರಮನೆಯ ಆಜ್ಞೆಯಂತೆ ಮದುವೆಯಾಗುತ್ತದೆ. ಮದುವೆಯ ರಾತ್ರಿಯೇ ವಿಯೆನ್ನಾದ ಹಂಬಲ ತಾಳಲಾರದೆ ವರನು ತೋಟದ ಕಡೆ ನಡೆದರೆ, ಅಲ್ಲಿ ವಿಯೆನ್ನಾದಿಂದಲೇ ಬಂದ ಹೆಂಗಸರ ವಾದ್ಯಮೇಳವೊಂದು ವಾಲ್ಟ್ಸ್ ನುಡಿಸುತ್ತಿದೆ. ಅದರ ನಾಯಕಿ ಪಿಟೀಲುಗಾರ್ತಿ ಫ್ರಾಂಟ್ಸಿ. ಅವನು ಯಾರೆಂದು ಅರಿಯದೆ ಅವಳು ಒಲಿಯುತ್ತಾಳೆ. ಇತ್ತ ಗಂಡನ ಮನಸ್ಸನ್ನು ಗೆಲ್ಲಲು ವಿಯೆನ್ನಾದ ರೀತಿಯನ್ನು ಕಲಿಯಬೇಕೆಂದು ನಿಶ್ಚಯಿಸಿದ ಆಲಿಕ್ಸ್, ಗುರುವಾಗಿ ಆರಿಸಿಕೊಳ್ಳುವುದು ಅದೇ ಫ್ರಾಂಟ್ಸಿಯನ್ನು. ವಾಲ್ಟ್ಸ್ ನುಡಿಸುವುದು, ಉಡುವುದು, ನಡೆಯುವುದು, ನಗುವುದು ಎಲ್ಲವನ್ನೂ ಫ್ರಾಂಟ್ಸಿ ಕಲಿಸುತ್ತಾಳೆ. ತಾನು ಯಾರ ಗಂಡನಿಗಾಗಿ ಈ ಪಾಠ ಹೇಳುತ್ತಿದ್ದೇನೆಂಬುದು ತಿಳಿದಾಗ ಅವಳು ಹಿಂದೆ ಸರಿಯುತ್ತಾಳೆ; ದಂಪತಿ ಒಂದಾಗುತ್ತಾರೆ.

ಕಥೆ ತೆಳುವಾದದ್ದು. ನಮ್ಮ ಕಂಪನಿ ನಾಟಕಗಳ ಪ್ರೇಕ್ಷಕರಿಗೂ ಇದು ಹೊಸದೆನಿಸದು. ಸಂಗೀತನಾಟಕವಾಗಿದ್ದಾಗ ಈ ತೆಳುವನ್ನು ಸ್ಟ್ರಾಸನ ರಾಗಗಳು ಮರೆಸುತ್ತಿದ್ದವು. ಕೇಳುವವನು ರಾಗದ ತೊಟ್ಟಿಲಲ್ಲಿ ತೂಗುತ್ತಿರುವಾಗ ಯಾರು ಯಾರಿಗೆ ಏನು ಕೊಟ್ಟರು, ಯಾರು ಬರಿಗೈಯಲ್ಲಿ ಹೋದರು ಎಂದು ವಿಚಾರಿಸುವವನಲ್ಲ. ರಾಗವನ್ನು ತೆಗೆದಾಗ ಉಳಿಯುವುದು ಕೈಗಳು. ಕಮಾನು ಹಿಡಿದ ಕೈ, ಪಿಯಾನೋದ ಮೇಲೆ ತಡವರಿಸುವ ಕೈ, ಆ ತಡವರಿಕೆಯನ್ನು ತಿದ್ದುವ ಇನ್ನೊಂದು ಕೈ. ಸಂಗೀತವು ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ದುಡಿಮೆಯನ್ನು ಮೂಕಚಿತ್ರ ತೋರಿಸಿದಷ್ಟು ನಗ್ನವಾಗಿ ಹಾಡುವ ನಾಟಕವಾಗಲಿ ವಾಕ್ಚಿತ್ರವಾಗಲಿ ತೋರಿಸಲಾರವು. ಇದೇ ನಾವು ಇಲ್ಲಿ ಮಂಡಿಸುವ ಮುಖ್ಯ ವಿಚಾರ.

ಇದಕ್ಕೆ ನಮ್ಮ ಕಾವ್ಯಮೀಮಾಂಸೆಯಿಂದಲೂ ಬೆಂಬಲವುಂಟು. ರಸವನ್ನೂ ಭಾವವನ್ನೂ ಅದರದರ ಹೆಸರಿನಿಂದಲೇ ಹೇಳಿಬಿಡುವುದು ದೋಷವೆಂದು ಆಲಂಕಾರಿಕರು ಎಣಿಸಿ, ಅದನ್ನು ಸ್ವಶಬ್ದವಾಚ್ಯತ್ವವೆಂದು ಕರೆದರು. ‘ಅವನಿಗೆ ಶೋಕವಾಯಿತು’ ಎಂದು ಬರೆದರೆ ಶೋಕ ವರದಿಯಾಗುತ್ತದೆ, ಓದುವವನಲ್ಲಿ ಹುಟ್ಟುವುದಿಲ್ಲ. ವಿಭಾವ ಅನುಭಾವಗಳ ಮೂಲಕ ಅದು ಧ್ವನಿತವಾಗಬೇಕು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಪ್ರಕಟವಾದಂದಿನಿಂದ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತು ಪರಿಚಿತವಾಗಿದೆ. ಸಂಗೀತದ ವಿಷಯದಲ್ಲಿ ಮೂಕಚಿತ್ರದ ಸ್ಥಿತಿ ಹೆಚ್ಚು ಕಡಿಮೆ ಇದೇ. ಸಂಗೀತವನ್ನು ಸಂಗೀತದಿಂದಲೇ ಹೇಳಲು ಅದಕ್ಕೆ ಬಾಯಿಲ್ಲ. ತಲೆದೂಗುವಿಕೆ, ಪಾದದ ತಾಳ, ಅರಳಿದ ಕಣ್ಣು, ತಟ್ಟನೆ ನಿಂತ ನಡಿಗೆ ಇವೇ ಅದರ ಅನುಭಾವಗಳು. ‘ಧ್ವನಿ’ ಎಂಬ ಶಬ್ದಕ್ಕೆ ನಮ್ಮಲ್ಲಿ ಸದ್ದು ಎಂಬ ಅರ್ಥವೂ ವ್ಯಂಗ್ಯಾರ್ಥವೆಂಬ ಅರ್ಥವೂ ಇರುವುದನ್ನು ನೆನೆದರೆ, ಧ್ವನಿಯಿಲ್ಲದ ಚಿತ್ರದಲ್ಲಿ ಧ್ವನಿ ಹೆಚ್ಚೆಂಬ ಮಾತು ಚಮತ್ಕಾರಕ್ಕೆ ಆಡಿದ್ದಲ್ಲವೆಂದು ತಿಳಿಯುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಮೂಕಚಿತ್ರಗಳನ್ನು ಮೌನದಲ್ಲಿ ಯಾರೂ ನೋಡುತ್ತಿರಲಿಲ್ಲವಲ್ಲ? ನಿಜ. ಬರ್ಲಿನ್ನಿನ ದೊಡ್ಡ ಚಿತ್ರಮಂದಿರಗಳಲ್ಲಿ ಪೂರ್ಣ ವಾದ್ಯವೃಂದವಿರುತ್ತಿತ್ತು. ಎರ್ನೋ ರಾಪೇ ಎಂಬ ಹೆಸರಾಂತ ವಾದ್ಯನಿರ್ದೇಶಕ ಈ ಚಿತ್ರ ಹೊರಬಂದ ಕಾಲದಲ್ಲಿ ಊಫಾದ ಮಂದಿರದಲ್ಲಿಯೇ ಇದ್ದವನು. ನಮ್ಮ ಕಡೆಯ ಡೇರೆಗಳಲ್ಲಿಯೂ ಮೂಕಿಯ ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ ತಬಲಗಳು, ಬರಹವನ್ನು ಓದಿ ಹೇಳುವ ಮಾತುಗಾರ ಇರುತ್ತಿದ್ದುದು ಸುಪರಿಚಿತ. ಆದರೆ ಆ ಸಂಗೀತ ಚಿತ್ರದ ಒಳಗಿನದಲ್ಲ, ಪಕ್ಕದ್ದು. ನುಡಿಸುವವನು ಬೇರೆ, ತೆರೆಯ ಮೇಲೆ ನುಡಿಸುವಂತೆ ಕಾಣುವವಳು ಬೇರೆ. ಇವೆರಡರ ನಡುವೆ ಸದಾ ಒಂದು ಬಿರುಕು ಉಳಿದೇ ಇರುತ್ತದೆ. ವಾಕ್ಚಿತ್ರ ಬಂದ ಮೇಲೆ ಬಿರುಕು ಮುಚ್ಚಿಹೋಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಅಲ್ಲಿಂದೀಚೆಗೆ ನಮ್ಮ ಚಿತ್ರಗಳು ಹಾಡಿನಿಂದ ಎಷ್ಟು ತುಂಬಿಕೊಂಡವೆಂದರೆ ಸಂಗೀತಗಾರನನ್ನೇ ನಾಯಕನನ್ನಾಗಿ ಉಳ್ಳ ‘ಸಂಧ್ಯಾರಾಗ’ (1966), ‘ಹಂಸಗೀತೆ’ (1975) ಮುಂತಾದ ಉತ್ತಮ ಕೃತಿಗಳಲ್ಲಿಯೂ ನಾವು ಕಣ್ಣು ಮುಚ್ಚಿ ಕೇಳುವವರಾಗಿಬಿಡುತ್ತೇವೆ. ಗಾಯನದ ಸೊಗಸು ದೃಶ್ಯದ ವಿಚಾರಣೆಯನ್ನು ಮುಂದೂಡುತ್ತದೆ. ಆ ಚಿತ್ರಗಳನ್ನು ಹಳಿಯಲು ಈ ಮಾತನ್ನು ಹೇಳುತ್ತಿಲ್ಲ. ಅವು ಕೊಡುವ ಸುಖವೇ ಬೇರೆ ಜಾತಿಯದು.

ಪಾಠದ ಸನ್ನಿವೇಶವೇ ‘ವಾಲ್ಟ್ಸ್ ಕನಸಿ’ನ ಜೀವಾಳ. ಮುಖ್ಯ ಕಾರಣ, ಇಬ್ಬರು ನಟಿಯರು. ಫ್ರಾಂಟ್ಸಿಯಾಗಿ ಕ್ಸೇನಿಯಾ ಡೆಸ್ನಿ, ಆಲಿಕ್ಸ್ ಆಗಿ ಮಾಡಿ ಕ್ರಿಶ್ಚಿಯನ್ಸ್. ಗಂಡು ಪಾತ್ರ ವಿಲ್ಲಿ ಫ್ರಿಚ್‌ನದು. ನೋಟಕ್ಕೆ ಸೊಗಸುಗಾರ, ನಗೆಯೂ ಸೊಗಸು, ಅದರಾಚೆಗೆ ಅವನಲ್ಲಿ ಹೆಚ್ಚೇನೂ ಇಲ್ಲ. ಪ್ರಾಯಶಃ ಇರಬಾರದೆಂಬುದೇ ನಿರ್ದೇಶಕನ ಇಂಗಿತ. ಇಬ್ಬರು ಹೆಂಗಸರ ನಡುವಣ ವ್ಯವಹಾರಕ್ಕೆ ಅವನು ನೆಪ. ಗುರುವಿಗೆ ಶಿಷ್ಯೆಯ ಮೇಲೆ ಕನಿಕರ ಹುಟ್ಟುತ್ತದೆ, ಕನಿಕರ ಸ್ನೇಹವಾಗುತ್ತದೆ. ಮೇಲಿನವಳು ಕೆಳಗಿನವಳ ಮುಂದೆ ಕುಳಿತು ಕಲಿಯುವ ಆ ಹೊತ್ತಿನಲ್ಲಿ ಅಂತಸ್ತಿನ ತಕ್ಕಡಿ ತಿರುಗುಮುರುಗಾಗುತ್ತದೆ. ಮಾತಿದ್ದಿದ್ದರೆ ‘ಅಮ್ಮಣ್ಣಿ’, ‘ತಾವು’ ಎಂಬ ಸಂಬೋಧನೆಗಳು ಆ ತಕ್ಕಡಿಯನ್ನು ಕೂಡಲೇ ಸರಿಪಡಿಸಿಬಿಡುತ್ತಿದ್ದವು. ಇಲ್ಲಿ ಕೈ ಮುಟ್ಟಿ ತಿದ್ದುವುದೊಂದೇ ಉಂಟು.

ಇದರಲ್ಲಿ ಒಂದು ವಿನೋದವೂ ಅಡಗಿದೆ. ವಿಯೆನ್ನಾದ ಚೆಲುವನ್ನು ಕಲಿಯಬೇಕಾದ ರಾಜಕುಮಾರಿಯ ಪಾತ್ರ ವಹಿಸಿದ ಮಾಡಿ ಕ್ರಿಶ್ಚಿಯನ್ಸ್ ಹುಟ್ಟಿದ್ದೇ ವಿಯೆನ್ನಾದಲ್ಲಿ. ಕಲಿಸುವ ಅಪ್ಪಟ ವಿಯೆನ್ನಾದ ಹುಡುಗಿಯಾಗಿ ನಟಿಸಿದ ಡೆಸ್ನಿ ಕೀವ್ ನಗರದಿಂದ ಬಂದವಳು. ನಿರ್ದೇಶಕ ಮೈನ್ಸಿನವನು, ಚಿತ್ರದ ವಿಯೆನ್ನಾವನ್ನು ಕಟ್ಟಿದ ಸಂಸ್ಥೆ ಬರ್ಲಿನ್ನಿನದು. ಹಾಗಾದರೆ ಈ ವಿಯೆನ್ನಾ ಯಾವುದು? ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯ 1918ರಲ್ಲಿ ಬಿದ್ದುಹೋಗಿತ್ತು. ಮರುವರ್ಷ ಆಸ್ಟ್ರಿಯದಲ್ಲಿ ರಾಜವಂಶ ಕುಲೀನವರ್ಗಗಳ ಬಿರುದುಗಳನ್ನೂ ಕಾನೂನು ಕಿತ್ತುಹಾಕಿತು. ಫ್ಲಾಉಸೆನ್‌ಟುರ್ನಿನಂತಹ ಜರ್ಮನ್ ಸಂಸ್ಥಾನಗಳೂ ಆಗಲೇ ಅಳಿದವು. 1923ರ ಹಣದುಬ್ಬರದಲ್ಲಿ ಜರ್ಮನ್ ಜನ ರೊಟ್ಟಿಗಾಗಿ ನೋಟಿನ ಕಂತೆ ಹೊತ್ತು ನಡೆದರು. ಇದೆಲ್ಲ ಕಳೆದು ಎರಡೇ ವರ್ಷದಲ್ಲಿ ತೆರೆಯ ಮೇಲೆ ಆರ್ಚ್‌ಡ್ಯೂಕರು, ತೋಟ, ವಾಲ್ಟ್ಸ್. ಪ್ರೇಕ್ಷಕ ಕಳೆದುಕೊಂಡದ್ದನ್ನು ಅವನ ಮುಂದೆ ಮರಳಿ ಹರಡಿದ ಚಿತ್ರವಿದು. ಕಳೆದುಹೋದದ್ದರ ಹಂಬಲಕ್ಕೆ ಮೌನ ಒಪ್ಪುತ್ತದೆ, ನೆನಪಿನಲ್ಲಿ ಬರುವ ಹಾಡು ಕಿವಿಗೆ ಕೇಳಿಸುವುದಿಲ್ಲವಷ್ಟೆ. 1925ರ ಬರ್ಲಿನ್ನಿನ ಪ್ರೇಕ್ಷಕನಿಗೆ ಸ್ಟ್ರಾಸನ ರಾಗ ಮೊದಲೇ ಬಾಯಿಪಾಠವಾಗಿತ್ತು. ವಾದ್ಯವೃಂದ ಸುಮ್ಮನಿದ್ದರೂ ಅವನ ತಲೆಯೊಳಗೆ ಅದು ಓಡುತ್ತಿತ್ತು. ದೊಡ್ಡಬಳ್ಳಾಪುರದ ನಮ್ಮ ವಿದ್ಯಾರ್ಥಿಗಳಿಗೆ ಆ ರಾಗ ಗೊತ್ತಿಲ್ಲ. ಆದುದರಿಂದಲೇ ಅವರು ಹಂಬಲದ ಬಲೆಗೆ ಬೀಳದೆ ನೇರವಾಗಿ ಲೆಕ್ಕ ಕೇಳಿದರು.

ಹೆಂಗಸರ ವಾದ್ಯಮೇಳದ ವಿಷಯ ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ಚಿತ್ರದಲ್ಲಿ ಅದು ಹಾಸ್ಯಕ್ಕೆ ವಸ್ತು. ಮೇಳದ ದೊಡ್ಡ ಪಿಟೀಲನ್ನು ನುಡಿಸುವ ಸ್ಟೆಫಿಯ ಸ್ಥೂಲಕಾಯವನ್ನು ತೋರಿಸಿ ನಗಿಸುವ ಹಂಚಿಕೆ ನಮಗೆ ಅಗ್ಗವಾಗಿ ತೋರಿತು. ಆದರೆ ಇತಿಹಾಸದಲ್ಲಿ ಈ ಮೇಳಗಳು ನಗೆಯ ವಸ್ತುವಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಯೆನ್ನಾದಲ್ಲಿ ಜೋಸೆಫೀನ್ ಅಮಾನ್-ವೈನ್‌ಲಿಖ್ ಹೆಂಗಸರ ವಾದ್ಯವೃಂದವನ್ನು ಕಟ್ಟಿ ದೇಶಾಂತರಗಳಲ್ಲಿ ನುಡಿಸಿದಳು. ತೋಟಗಳಲ್ಲಿ, ಕಾಫಿಮನೆಗಳಲ್ಲಿ ನುಡಿಸಿ ಹೊಟ್ಟೆ ಹೊರೆದ ಇಂತಹ ಮೇಳಗಳಿಗೆ ಗಣ್ಯ ವೃಂದಗಳ ಬಾಗಿಲು ಮುಚ್ಚಿತ್ತು. ವಿಯೆನ್ನಾ ಫಿಲ್‌ಹಾರ್ಮೊನಿಕ್ ವೃಂದ ಹೆಂಗಸನ್ನು ಸದಸ್ಯಳನ್ನಾಗಿ ಸ್ವೀಕರಿಸಿದ್ದು 1997ರಲ್ಲಿ! ವಿಯೆನ್ನಾದ ಸಂಗೀತದ ಆತ್ಮವೇ ಫ್ರಾಂಟ್ಸಿಯೆಂದು ಚಿತ್ರ ಹೇಳುತ್ತದೆ, ಆ ಸಂಗೀತದ ಮನೆಯಲ್ಲಿ ಫ್ರಾಂಟ್ಸಿಯಂತಹವರಿಗೆ ಕುರ್ಚಿ ಇರಲಿಲ್ಲ.

ಕನ್ನಡನಾಡಿನ ಓದುಗರಿಗೆ ಈ ಸಂಗತಿ ದೂರದ್ದಲ್ಲ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಊರಿನ ಹೆಸರಿನಿಂದಲೇ ಪ್ರಖ್ಯಾತಳಾದ ಬೆಂಗಳೂರು ನಾಗರತ್ನಮ್ಮನವರನ್ನು ನೆನೆಯೋಣ. ದೇವದಾಸಿ ಮನೆತನದ ಈ ವಿದುಷಿ ಸಂಗೀತದಿಂದ ಸಂಪಾದಿಸಿದ್ದನ್ನೆಲ್ಲ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯನ್ನು ಕಟ್ಟಿಸಲು ವ್ಯಯಿಸಿದರು. ಅದರ ಪ್ರತಿಷ್ಠೆ ನಡೆದದ್ದು 1925ರ ಜನವರಿಯಲ್ಲಿ. ಅದೇ ವರ್ಷದ ಕೊನೆಗೆ ಬರ್ಲಿನ್ನಿನಲ್ಲಿ ಫ್ರಾಂಟ್ಸಿ ತೆರೆಗೆ ಬಂದಳು. ಎರಡಕ್ಕೂ ಸಂಬಂಧವಿಲ್ಲ, ಸಾಮ್ಯ ಉಂಟು. ಸಮಾಧಿಯನ್ನು ಕಟ್ಟಿಸಿದ ಹೆಂಗಸಿಗೆ ಅಲ್ಲಿನ ಆರಾಧನೆಯಲ್ಲಿ ಗಂಡಸರ ಗೋಷ್ಠಿ ಹಾಡಲು ಎಡೆ ಕೊಡಲಿಲ್ಲ. ಅವರು ಹೆಂಗಸರದೇ ಬೇರೆ ಆರಾಧನೆಯನ್ನು ನಡೆಸಿ ಆ ಹಕ್ಕನ್ನು ಸ್ಥಾಪಿಸಬೇಕಾಯಿತು. ಇದಕ್ಕೆ ಹಿಂದೆ ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಆ ಕ್ರಮದ ಸಾಧುತ್ವವನ್ನು ಇಲ್ಲಿ ಚರ್ಚಿಸುವುದಿಲ್ಲ. ಅದರಿಂದ ಅನೇಕ ಅನ್ಯಾಯಗಳು ನಿಂತವೆಂಬುದು ನಿಸ್ಸಂದೇಹ. ಆದರೆ ಆ ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದಿದ್ದ ಜಾವಳಿ, ಪದ, ಅಭಿನಯಗಳು ಮುಂದಿನ ದಶಕಗಳಲ್ಲಿ ಮಾನ್ಯ ಮನೆತನಗಳ ಹೆಣ್ಣುಮಕ್ಕಳ ಕಂಠಕ್ಕೂ ಕಾಲಿಗೂ ಬಂದವು. ಸಭೆಗಳು ಕಟ್ಟಿಕೊಂಡವು, ಕಛೇರಿಗಳು ನಡೆದವು. ಕಲಿಸಿದವರ ಮನೆಯ ಬಾಗಿಲು ಮುಚ್ಚಿತು. ಆಲಿಕ್ಸ್ ಕೆಟ್ಟವಳಲ್ಲ; ಶ್ರದ್ಧೆಯಿಂದ ಕಲಿತಳು, ಪ್ರೀತಿಯಿಂದ ನುಡಿಸಿದಳು. ಆ ಹೆಣ್ಣುಮಕ್ಕಳೂ ಹಾಗೆಯೇ. ಕೆಟ್ಟವರಿಲ್ಲದೆಯೂ ಒಬ್ಬಳು ಬರಿಗೈಯಾಗುವ ಕಥೆಯಾದುದರಿಂದಲೇ ಇದು ನಮ್ಮನ್ನು ಕಾಡುತ್ತದೆ.

ಕಲಾವಂತೆಗೆ ಬೇರೊಂದು ಗತಿಯನ್ನು ಕಲ್ಪಿಸಿದ ಕವಿಯೂ ಒಬ್ಬನಿದ್ದಾನೆ. ಶೂದ್ರಕನ ‘ಮೃಚ್ಛಕಟಿಕ’ ಮೂಕಚಿತ್ರವಾಗಿಯೂ ಬಂದದ್ದುಂಟು. ಜರ್ಮನಿಯಲ್ಲಿ ಚಿತ್ರವಿದ್ಯೆಯನ್ನು ಅಭ್ಯಸಿಸಿ ಬಂದ ಮೋಹನ ಭವನಾನಿ ಅದನ್ನು ‘ವಸಂತಸೇನಾ’ ಎಂಬ ಹೆಸರಿನಿಂದ ಮೂಕಿಯುಗದ ಕೊನೆಯಲ್ಲಿ ತೆರೆಗೆ ತಂದರು. ಏಣಾಕ್ಷಿ ರಾಮರಾವ್, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅದರಲ್ಲಿ ನಟಿಸಿದರು. ಕನ್ನಡ ಚಿತ್ರರಂಗದ ಚರಿತ್ರೆಯನ್ನು ಬರೆಯುವವರು ಅದನ್ನು ಆರಂಭದ ಪುಟಗಳಲ್ಲಿಯೇ ಸ್ಮರಿಸುತ್ತಾರೆ. ಇಲ್ಲಿ ನಮಗೆ ಪ್ರಕೃತವಾದದ್ದು ಚಿತ್ರಕ್ಕಿಂತ ಮೂಲ ನಾಟಕ. ಅದೂ ಸಂಗೀತದಿಂದ ತುಂಬಿದ ಕೃತಿಯೇ. ಮೂರನೆಯ ಅಂಕದಲ್ಲಿ ಚಾರುದತ್ತನು ರೇಭಿಲನ ಗಾನವನ್ನು ಕೇಳಿ ನಡುರಾತ್ರಿ ಮನೆಗೆ ಮರಳುತ್ತಾನೆ; ಹಾಡು ಮುಗಿದಿದೆ, ಅವನ ಕಿವಿಯಲ್ಲಿ ಮಾತ್ರ ಇನ್ನೂ ಮುಗಿದಿಲ್ಲ. ಪ್ರೇಕ್ಷಕರು ರೇಭಿಲನ ಹಾಡನ್ನು ಕೇಳುವುದೇ ಇಲ್ಲ. ಬಳಿಕ ಕನ್ನ ಕೊರೆದು ಒಳಹೊಕ್ಕ ಶರ್ವಿಲಕನಿಗೆ ಕಾಣುವುದು ಮೃದಂಗ, ವೀಣೆ, ಕೊಳಲು. ಇದೇನು ನಾಟ್ಯಾಚಾರ್ಯನ ಮನೆಯೋ ಎಂದು ಕಳ್ಳ ಬೆರಗಾಗುತ್ತಾನೆ. ಕದಿಯುವುದಕ್ಕೆ ಬೇರೇನೂ ಇಲ್ಲದ ಮನೆಯಲ್ಲಿ ಮೂಕವಾಗಿ ಬಿದ್ದಿರುವ ವಾದ್ಯಗಳು ಚಾರುದತ್ತನ ದಾರಿದ್ರ್ಯವನ್ನೂ ರಸಿಕತೆಯನ್ನೂ ಏಕಕಾಲದಲ್ಲಿ ಹೇಳುತ್ತವೆ. ಕ್ಯಾಮರಾ ಹುಟ್ಟುವುದಕ್ಕೆ ಶತಶತಮಾನಗಳ ಹಿಂದೆಯೇ ಬರೆದ ಮೂಕಚಿತ್ರದ ದೃಶ್ಯವಿದು ಎನ್ನಬೇಕು.

ಆ ನಾಟಕದಲ್ಲಿಯೂ ಒಬ್ಬ ಗಂಡಸು, ಇಬ್ಬರು ಹೆಂಗಸರು. ಆದರೆ ಹತ್ತನೆಯ ಅಂಕದಲ್ಲಿ ಹೊಸ ಅರಸ ಆರ್ಯಕನು ಗಣಿಕೆ ವಸಂತಸೇನೆಗೆ ‘ವಧು’ ಎಂಬ ಪದವಿಯನ್ನು ಅನುಗ್ರಹಿಸುತ್ತಾನೆ. ಧೂತಾದೇವಿ ಅವಳನ್ನು ಸೋದರಿಯಂತೆ ಬರಮಾಡಿಕೊಳ್ಳುತ್ತಾಳೆ. ರಾಜ್ಯವೇ ಬದಲಾದಾಗ ಮಾತ್ರ ಇದು ಸಾಧ್ಯವಾಯಿತೆಂಬುದನ್ನು ಗಮನಿಸಬೇಕು. ಬೆರ್ಗರನ ಚಿತ್ರದಲ್ಲಿ ಹೊರಗಿನ ರಾಜ್ಯ ಬದಲಾಗಿ ಏಳು ವರ್ಷವಾಗಿತ್ತು. ಒಳಗಿನ ಕಥೆ ಮಾತ್ರ ಹಳೆಯ ಅರಸರ ಕಾಲದಲ್ಲಿಯೇ ನಿಂತಿತು. ಅರಮನೆಗಳೇ ಇಲ್ಲವಾದ ನಾಡಿನಲ್ಲಿ ಪಿಟೀಲುಗಾರ್ತಿಯನ್ನು ಅರಮನೆಯ ಬಾಗಿಲಿನಿಂದ ಆಚೆ ಕಳುಹಿಸಿ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸಿದರು. ಹಂಬಲದ ಕಲೆಗೆ ಇದೇ ದೊಡ್ಡ ಅಪಾಯ: ಅದು ಹಳೆಯ ಸೊಗಸನ್ನು ಕರೆತರುವಾಗ ಹಳೆಯ ಅನ್ಯಾಯವನ್ನೂ ಮಡಿಲಲ್ಲಿ ಕಟ್ಟಿಕೊಂಡು ಬರುತ್ತದೆ. ಹಾಗೆಂದು ವಸಂತಸೇನೆ ಗೆದ್ದಳೆಂದು ಹೇಳಿಬಿಡುವುದೂ ಕಷ್ಟ. ಮುಸುಕು ಹೊದ್ದ ವಧು ಮುಂದೆ ವೀಣೆ ಹಿಡಿದಳೋ ಇಲ್ಲವೋ ಶೂದ್ರಕ ಹೇಳುವುದಿಲ್ಲ. ಫ್ರಾಂಟ್ಸಿಗೆ ಮನೆ ಸಿಗಲಿಲ್ಲ, ಪಿಟೀಲಂತೂ ಅವಳಲ್ಲಿಯೇ ಉಳಿಯಿತು.

ಇದೇ ಕಥೆಯನ್ನು ಅರ್ನ್‌ಸ್ಟ್ ಲೂಬಿಚ್ 1931ರಲ್ಲಿ ಅಮೆರಿಕದಲ್ಲಿ ‘ದಿ ಸ್ಮೈಲಿಂಗ್ ಲೆಫ್ಟಿನೆಂಟ್’ ಎಂಬ ವಾಕ್ಚಿತ್ರವಾಗಿ ಮಾಡಿದನು. ಚತುರವಾದ ಚಿತ್ರ, ನಗಿಸುವುದರಲ್ಲಿ ಬೆರ್ಗರನದಕ್ಕಿಂತ ಮೇಲು. ಅಲ್ಲಿ ಪಾಠ ಒಂದು ಹಾಡಾಗಿದೆ. ಕ್ಲಾಡೆಟ್ ಕೋಲ್ಬರ್ ವಹಿಸಿದ ಫ್ರಾಂಟ್ಸಿ ರಾಜಕುಮಾರಿಗೆ ಒಳ ಉಡುಪಿನ ಸೊಗಸನ್ನು ಕುರಿತು ಹಾಡಿ ಬೋಧಿಸುತ್ತಾಳೆ. ಮರುಕ್ಷಣ ಶಿಷ್ಯೆ ಬದಲಾಗಿರುತ್ತಾಳೆ. ಕಲಿಕೆ ಇಲ್ಲಿ ಉಡುಪು ಬದಲಿಸಿದಷ್ಟು ಸುಲಭ. ತಪ್ಪು ಮೀಟು, ತಿದ್ದುಪಡಿ, ಮತ್ತೆ ತಪ್ಪು, ಇವುಗಳಿಗೆ ಎಡೆಯೇ ಇಲ್ಲ. ಹಾಡಿನ ವೇಗ ದುಡಿಮೆಯನ್ನು ನುಂಗಿಹಾಕಿತು. ಅದನ್ನು ನೋಡಿದವರಾರೂ ‘ಆಯಮ್ಮನಿಗೆ ಏನು ಕೊಟ್ಟರು’ ಎಂದು ಕೇಳಲಾರರೆಂದು ನಮಗೆ ತೋರುತ್ತದೆ.

ಬೆರ್ಗರನ ಚಿತ್ರದ ಕುಂದುಗಳನ್ನು ಮುಚ್ಚಿಡುವುದು ವಿಮರ್ಶೆಗೆ ಶೋಭಿಸದು. ಸಂಸ್ಥಾನದ ಶಿಷ್ಟಾಚಾರವನ್ನು ಅಣಕಿಸುವ ಭಾಗ ಬೇಕಾದುದಕ್ಕಿಂತ ಉದ್ದ. ಅದರ ವಿಯೆನ್ನಾದಲ್ಲಿ ಹಸಿವಿಲ್ಲ, ಬಾಡಿಗೆ ಬಾಕಿಯಿಲ್ಲ. ಮೇಳದ ಹೆಂಗಸರು ದಿನಕ್ಕೆ ಎಷ್ಟು ಸಂಪಾದಿಸುತ್ತಿದ್ದರೆಂಬ ಸುಳಿವೂ ಇಲ್ಲ. ಹಂಬಲದ ಕಣ್ಣಿಗೆ ಅವೆಲ್ಲ ಕಾಣುವುದಿಲ್ಲ. ಇಷ್ಟಾದರೂ ಚಿತ್ರದ ಮೇಲೆ ಕಠಿನವಾಗಲು ಮನಸ್ಸು ಬಾರದು. ಈ ಸುಂದರ ಹುಸಿನಗರಿಯನ್ನು ಕಟ್ಟಿದವರಿಗೆ ಕಾಲ ಕರುಣೆ ತೋರಲಿಲ್ಲ. ದೃಶ್ಯಗಳ ಕಟ್ಟಡವನ್ನು ರಚಿಸಿದ ರುಡಾಲ್ಫ್ ಬಾಂಬೆರ್ಗರ್ ನಿರ್ದೇಶಕನ ಒಡಹುಟ್ಟಿದವನು. ಯಹೂದ್ಯನಾದ ಕಾರಣ 1945ರಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಲೆಯಾದನು. ಪೊಮ್ಮರ್ 1933ರಲ್ಲಿ ಜರ್ಮನಿಯನ್ನು ತೊರೆಯಬೇಕಾಯಿತು. ಸ್ಟ್ರಾಸ್ 1938ರ ಬಳಿಕ ನಾಡುಬಿಟ್ಟು ಅಲೆದು, ಯುದ್ಧಾನಂತರ ಹಿಂದಿರುಗಿ 1954ರಲ್ಲಿ ಬಾಡ್ ಇಶ್ಲಿನಲ್ಲಿ ತೀರಿಕೊಂಡನು. ಅಮೆರಿಕವನ್ನು ಸೇರಿದ ಮಾಡಿ ಕ್ರಿಶ್ಚಿಯನ್ಸ್ ಅಲ್ಲಿನ ರಾಜಕೀಯ ಸಂಶಯದ ಕಾಲದಲ್ಲಿ ಕೆಲಸ ಕಳೆದುಕೊಂಡು 1951ರಲ್ಲಿ ಗತಿಸಿದಳು. ಹಳೆಯ ವಿಯೆನ್ನಾಕ್ಕಾಗಿ ಹಂಬಲಿಸಿದ ಚಿತ್ರವೇ ಇಂದು ನಮಗೆ ಇನ್ನೊಂದು ಕಳೆದುಹೋದ ಲೋಕದ ನೆನಪಾಗಿದೆ. ಸ್ಮೃತಿಯನ್ನು ವ್ಯಭಿಚಾರಿಭಾ‍ವಗಳಲ್ಲಿ ಎಣಿಸಿದ ಭರತನು ಅದು ಹೀಗೆ ಒಂದರ ಬೆನ್ನ ಮೇಲೊಂದು ಏರಿ ಬರುವುದನ್ನು ಬಲ್ಲವನೇ ಇರಬೇಕು.

ಚಿತ್ರವನ್ನು ಎರಡನೆಯ ಸಲ ತೋರಿಸಿದಾಗ ವಾದ್ಯವೂ ಇರಲೆಂದು ಬಯಸಿ, ಹಿಂದೆ ನಾಟಕದ ಕಂಪನಿಗಳಲ್ಲಿ ನುಡಿಸುತ್ತಿದ್ದ ಹತ್ತಿರದ ಹಳ್ಳಿಯ ಹಾರ್ಮೋನಿಯಂ ಮೇಷ್ಟರೊಬ್ಬರನ್ನು ಕರೆತಂದೆವು. ಮೊದಲ ಸುತ್ತಿನಲ್ಲಿ ಅವರು ಸುಮ್ಮನೆ ನೋಡಿದರು, ಪಾದದಿಂದ ಲೆಕ್ಕ ಹಾಕುತ್ತ. ವಾಲ್ಟ್ಸಿನ ಮೂರೆಣಿಕೆಯ ನಡೆ ಅವರಿಗೆ ಕಷ್ಟವಾಗಲಿಲ್ಲ. ಎರಡು ಘಾತ, ಒಂದು ಹುಸಿ, ನಮ್ಮ ರೂಪಕವೇ ಎಂದರು. ಘಾತದ ತೂಕ ಮಾತ್ರ ಬೇರೆ ಕಡೆ ಬೀಳುತ್ತದೆಂದು ತಾವಾಗಿಯೇ ಕಂಡುಕೊಂಡು, ಎರಡನೆಯ ಸುತ್ತಿನಲ್ಲಿ ತಮಗೆ ತೋಚಿದ ರಾಗಗಳನ್ನು ಅದಕ್ಕೆ ಹೊಂದಿಸಿ ನುಡಿಸಿದರು. ತೋಟದ ದೃಶ್ಯದಲ್ಲಿ ಹುಡುಗರು ಚಪ್ಪಾಳೆ ಹಾಕಿದರು. ಪಾಠದ ದೃಶ್ಯ ಬಂದಾಗ ಮೇಷ್ಟರು ತಿದಿಯ ಮೇಲಿನ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಮರೆತರೆಂದು ಬಗೆದು ನಾವು ಪಕ್ಕದಿಂದ ಸನ್ನೆ ಮಾಡಿದೆವು. ಅವರು ತೆರೆಯಿಂದ ಕಣ್ಣು ಕೀಳದೆ ಮೆಲ್ಲಗೆ ಹೇಳಿದರು: “ಅಲ್ಲಿ ಆಯಮ್ಮ ಕಲಿಸ್ತಾವ್ಳೆ ಸ್ವಾಮಿ, ನಾನ್ಯಾಕೆ ಅಡ್ಡ ಬರ್ಲಿ?”